ಬಾಯಿಬಿಟ್ಟು ಹೇಳಿದ ಹಾಲು

ವೀರಮ್ಮ ಎರಡು ಬೆರಳು ಎತ್ತಿ ತೋರಿಸಿದಳು. ಬಾಯಿ ಮಾತ್ರ ಬಿಡಲಿಲ್ಲ.

"ಮುಂದಿನ ವರ್ಷಕ್ಕೂ ದಿನಕ್ಕೆ ಎರಡೇ ಲೀಟರಾ?" ಎಂದರು ಹಾಲು ಒಕ್ಕೂಟದಿಂದ ಸಂಘದ ಸಭೆಗೆ ಬಂದಿದ್ದ ಅಧಿಕಾರಿ ವಸಂತ್, ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು. ವೀರಮ್ಮ ಸೆರಗು ಸರಿಮಾಡಿಕೊಂಡು ಸೂರು ನೋಡಿದಳು. ಅವಳ ಸೀಮೆಹಸು ಒಂದು ಹೊತ್ತಿಗೇ ಅದರ ಮೂರರಷ್ಟು ಕೊಡುವುದು ಸುಂದ್ರಮ್ಮನಿಗೆ ಗೊತ್ತಿತ್ತು. ಮಹಿಳಾ ಹಾಲು ಸಂಘದ ಕಾರ್ಯದರ್ಶಿಯಾಗಿ ದಿನವೂ ಎಲ್ಲರ ಹಾಲು ಅಳೆದುಕೊಳ್ಳುವವಳು ಅವಳೇ. ಆದರೆ ಅಳೆಯುವಾಗಲೂ ಅವಳು ಲೆಕ್ಕವನ್ನು ಗಟ್ಟಿಯಾಗಿ ಹೇಳಿದವಳಲ್ಲ. ಹನಗೋಡಿನ ಆಸುಪಾಸಿನ ಆ ಊರಲ್ಲಿ ಹಸು ಎಷ್ಟು ಕರೆಯುತ್ತದೆಂದು ಕಟ್ಟಿಕೊಂಡ ಗಂಡನ ಮುಂದೂ ಯಾರೂ ಆಡರು. ಆಡಿದರೆ ದೃಷ್ಟಿ ತಾಗುತ್ತದೆ, ಕೆಚ್ಚಲು ಬತ್ತುತ್ತದೆ.

ವಸಂತ್‌ಗೆ ಇದಾವುದೂ ತಿಳಿಯದು. ಹಲಗೆಯ ಮೇಲೆ ಎಲ್ಲವನ್ನೂ ಕೂಡಿ ನೋಡಿ ತಲೆ ಕೆರೆದುಕೊಂಡರು. ಈಗ ಬರುತ್ತಿರುವ ಹಾಲಿಗಿಂತ ಮುಂದಿನ ವರ್ಷದ ಗುರಿಯೇ ಕಮ್ಮಿಯಾಗಿತ್ತು. ಬೇಜಾರು ಮಾಡಿಕೊಳ್ಳದೆ ಮತ್ತೆ ವಿವರಿಸಿದರು: ದಿನಕ್ಕೆ ಇನ್ನೂರು ಲೀಟರಿನ ಗುರಿ ಹಾಕಿಕೊಂಡ ಸಂಘಕ್ಕೆ ಮಾತ್ರ ಸಂಜೆಯ ಹಾಲಿನ ಗಾಡಿ ಬರುತ್ತದೆ, ಗುರಿ ಸದಸ್ಯರ ಬಾಯಿಂದಲೇ ಬರಬೇಕು, ಇವತ್ತೇ ಬರಬೇಕು. ಇಲ್ಲದಿದ್ದರೆ ಕ್ಯಾನು ಹೊತ್ತು ದೊಡ್ಡ ರಸ್ತೆಗೆ ನಡೆಯಬೇಕು. ಅಲ್ಲಿಗೆ ಹೋಗುವಷ್ಟರಲ್ಲಿ ಹಾಲು ಒಡೆಯುವುದನ್ನು ಹೆಂಗಸರೆಲ್ಲ ಕಳೆದ ಬೇಸಿಗೆಯಲ್ಲಿ ಕಂಡಿದ್ದರು.

ನಿಮ್ಮದನ್ನು ಹೇಳಲು ಸಂಕೋಚವಾದರೆ ಪಕ್ಕದವರದ್ದು ಹೇಳಿ ಎಂದು ವಸಂತ್ ಉಪಾಯ ಸೂಚಿಸಿದ್ದೇ ತಪ್ಪಾಯಿತು. ಪಕ್ಕದ ಮನೆಯ ಚಿಕ್ಕಬೀರಮ್ಮ ತಡೆಯಲಾರದೆ ವೀರಮ್ಮನ ಹಸುವಿನ ನಿಜವಾದ ಲೆಕ್ಕ ಹೇಳಿಬಿಟ್ಟಳು.

ವೀರಮ್ಮ ಎದ್ದು ನಿಂತಳು. "ನನ್ನ ಅಸೀನ್ ಕೆಚ್ಲು ಒಣಗ್ಲಿ, ತಂದು ನಿನ್ ಬಾಗ್ಲಿಗೇ ಕಟ್ಟಾಕ್ತೀನಿ ಕಣಮ್ಮಿ. ನೀನೇ ಉಲ್ಲು ಆಕುವಂತೆ."

ಗಲಾಟೆಯಾಯಿತು. ಬೇರೆ ಇಬ್ಬರು ಹೆಂಗಸರು ಎದ್ದು ಹೊರಟರು. ವಸಂತ್ ಗಡಿಯಾರ ನೋಡಿ ಬ್ಯಾಗಿಗೆ ಕೈಹಾಕಿದರು. ಸುಂದ್ರಮ್ಮನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಅವಳ ಮಗಳು ಕಾವ್ಯಶ್ರೀ ಹುಣಸೂರಿನ ಕಾಲೇಜಿಗೆ ಹೋಗುತ್ತಿದ್ದುದು ಸಂಜೆಯ ಹಾಲಿನ ದುಡ್ಡಿನಿಂದ. ಆ ಹಾಲು ಕೊಡುತ್ತಿದ್ದುದು ಹೊಸದಾಗಿ ಕರು ಹಾಕಿದ್ದ ಗೌರಿ ಒಂದೇ.

"ಬರ್ಕಳಿ ಸಾ," ಎಂದಳು. "ಇನ್ನೂರು ಲೀಟ್ರು. ನಮ್ ಗೌರಿ ಒಬ್ಳೇ ಕೊಡ್ತಾಳೆ."

"ಒಂದು ಹಸು ಇನ್ನೂರು ಲೀಟರು ಕೊಡುತ್ತೇನಮ್ಮ?"

"ಕೊಡ್ತಾಳೆ. ಎಲ್ಲಾನೂವೆ ಅವಳ ಎಸರಿಗೇ ಬರ್ಕಳಿ. ಅವರವರದ್ದ ಅವರವರು ತಂದು ಸುರೀತಾರೆ."

ಬಾಗಿಲಲ್ಲಿ ನಿಂತವರು ಅಲ್ಲೇ ನಿಂತರು. ವೀರಮ್ಮನ ಕೈ ತಾನಾಗಿಯೇ ಬಾಯಿಗೆ ಹೋಯಿತು. ವಸಂತ್ ಒಮ್ಮೆ ನಕ್ಕು, ಯಾರೂ ನಗದಿದ್ದುದನ್ನು ಕಂಡು, ಹಲಗೆ ಒರೆಸಿ ದೊಡ್ಡ ಅಕ್ಷರದಲ್ಲಿ ಬರೆದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಗಾಡಿ ನಾಳಿದ್ದಿನಿಂದಲೇ ಎಂದು ಹೇಳಿ ವಸಂತ್ ಮೋಟಾರುಬೈಕು ಹತ್ತಿದರು.

ಸಂಜೆ ಗೌರಿ ಹಾಲು ಇಳಿಸಲಿಲ್ಲ. ಕರು ಬಿಟ್ಟು ಎಳೆದು ಕಟ್ಟಿದರೂ ನಾಲ್ಕು ಗೆರೆ ಹಾಲು ಬಿದ್ದು ನಿಂತಿತು. ಸುಂದ್ರಮ್ಮ ಕೆಚ್ಚಲಿಗೆ ಬಿಸಿನೀರು ಹಾಕಿದಳು, ಬೈದಳು, ಮುದ್ದಿಸಿದಳು. ಹಸು ಕಾಲು ಬದಲಿಸುತ್ತಲೇ ಇತ್ತು.

"ನಿನ್ ಕೈನೇ ನಡುಗ್ತಾ ಅದೆ ಕಣವ್ವ. ಅದ್ಕೂ ಗೊತ್ತಾಯ್ತದೆ," ಎಂದಳು ಕಾವ್ಯಶ್ರೀ.

ಕೊಟ್ಟಿಗೆಯ ಬಾಗಿಲಲ್ಲಿ ವೀರಮ್ಮ ನಿಂತಿದ್ದಳು, ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. ಅವಳ ಹಿಂದೆ, ಒಡೆದ ಮಡಕೆಯ ಓಡಿನಲ್ಲಿ ಕೆಂಡ ಹಿಡಿದು ಚಿಕ್ಕಬೀರಮ್ಮ. ಇಬ್ಬರೂ ಮಾತಾಡಿಕೊಂಡಿರಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಸರ್ಕೊ ಸುಂದ್ರಕ್ಕ," ಎಂದಳು ವೀರಮ್ಮ. "ಊರೋರ್ ಕಣ್ಣೆಲ್ಲಾ ಗೌರಿ ಒಬ್ಬಳೇ ತಲೆ ಮ್ಯಾಲೆ ಒತ್ಕೊಂಡ್ರೆ ತಡ್ದಾತೇನೆ?"

ಮುಷ್ಟಿಯನ್ನು ಗೌರಿಗೆ ಮೂರು ಸಲ ಸುತ್ತಿ ಇಳಿತೆಗೆದು, ಅದರಲ್ಲಿದ್ದುದನ್ನು ಕೆಂಡಕ್ಕೆ ಹಾಕಿದಳು. ಉಪ್ಪು ಚಟಚಟ ಸಿಡಿಯಿತು. ಮೆಣಸಿನಕಾಯಿ ಉಬ್ಬಿ ಕಪ್ಪಾಯಿತು. ಘಾಟು ಬಂದು ಕೆಮ್ಮಿದರೆ ದೃಷ್ಟಿ ಇಲ್ಲವೆಂದು ಅರ್ಥ, ಬರದಿದ್ದರೆ ತಾಗಿದೆ. ಎಲ್ಲರೂ ಕಾದರು. ಹೊಗೆ ಸೂರಿಗೇರಿತು. ಯಾರೂ ಕೆಮ್ಮಲಿಲ್ಲ.

ಸುಂದ್ರಮ್ಮ ಹಾಲಿನ ಪಾತ್ರೆಯನ್ನು ಮಗಳ ಕೈಗೆ ಕೊಟ್ಟು ಮಂಡಿಯೂರಿದಳು. ಸೆರಗನ್ನು ಹಿಂದಕ್ಕೆ ತಳ್ಳಿ, ಕೆಂಡದ ಮೇಲೆ ಮುಖವಿಟ್ಟು, ಕೆಮ್ಮು ಬರಲೇಬೇಕೆಂಬಂತೆ ಎದೆ ತುಂಬ ಉಸಿರೆಳೆದುಕೊಂಡಳು.