ಪಾಚಿಗೆ ಜಾರಿದ ಮಂತ್ರಿ

ಗುರುಬಸವಯ್ಯ ಮೇಷ್ಟ್ರಿಗಿಂತ ಮೊದಲು ಅವರ ದನಿ ತರಗತಿಗೆ ಬರುತ್ತಿತ್ತು. ಹಳೆಯ ಕಾವ್ಯದ ಅರ್ಥವನ್ನು ವರಾಂಡದಲ್ಲೇ ಆರಂಭಿಸಿ, ಒಳಗೆ ಬಂದು ಮುಂದುವರಿಸಿ, ಗಂಟೆ ಹೊಡೆದ ಮೇಲೂ ಹೇಳುತ್ತಲೇ ಹೊರಟುಹೋಗುತ್ತಿದ್ದರು. ಕೆಲವು ದಿನ ಒಳಗೆ ಬರುವುದನ್ನೇ ಮರೆತು, ಪಾಠ ಹೇಳುತ್ತ ಬಾಗಿಲು ದಾಟಿ ಮುಂದೆ ಸಾಗಿದ್ದೂ ಉಂಟು. ಹೀಗಾಗಿ ದನಿ ಕಿವಿಗೆ ಬಿದ್ದೊಡನೆ ನಾವು ಬರೆಯತೊಡಗುತ್ತಿದ್ದೆವು.

ಅವರು ರಜೆ ಹಾಕಿದ್ದ ಒಂದು ದಿನ ನಾನು ತರಗತಿಯ ಹೊರಗೆ, ಕಿಟಕಿಯ ಕೆಳಗೆ ಬಗ್ಗಿ ನಿಂತು, ಅವರಂತೆಯೇ ಎರಡು ಸಲ ಕೆಮ್ಮಿ, "ರಾಣಿ ಕೊಳದ ಬಳಿ ನಕ್ಕದ್ದೇಕೆ? ಮಂತ್ರಿ ಪಾಚಿಗೆ ಜಾರಿ ನೀರಿಗೆ ಬಿದ್ದ, ಅದಕ್ಕೆ! ಕವಿ ಅದನ್ನು ಹೇಳದೆ ಮಂತ್ರಿಯ ಮಾನ ಕಾಪಾಡಿದ್ದಾನೆ" ಎಂದೆ. ಒಳಗಿನಿಂದ ನಗು ಸಿಡಿಯುತ್ತದೆಂದು ಕಾದೆ. ಕೇಳಿಸಿದ್ದು ನಲವತ್ತು ಪೆನ್ನುಗಳ ಸರಸರ ಸದ್ದು.

ನಿಜ ಹೇಳಲು ಧೈರ್ಯವಾಗಲಿಲ್ಲ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ನಾನೊಬ್ಬ ಮಾತ್ರ ಆ ಕಾವ್ಯಕ್ಕೆ ಮೇಷ್ಟ್ರೇ ಹಿಂದೆ ಅರ್ಥ ಬರೆದು ಅಚ್ಚು ಹಾಕಿಸಿದ್ದ ಟೀಕೆಯನ್ನು ಓದಿಕೊಂಡು, ಅರಳಿದ ತಾವರೆ ಕಂಡು ರಾಣಿ ನಕ್ಕಳೆಂದು ಬರೆದೆ. ಹತ್ತು ಅಂಕದ ಆ ಉತ್ತರಕ್ಕೆ ಸೊನ್ನೆ ಬಿತ್ತು. ಎರಡೇ ಅಂಕದಲ್ಲಿ ನಪಾಸು. ಒಂದು ವರ್ಷ ಮಣ್ಣುಪಾಲು!

ಅವರ ಮನೆಗೆ ಓಡಿದೆ. ಮೇಷ್ಟ್ರು ಓಲೆಗರಿಗಳ ನಡುವೆ ಕೂತಿದ್ದರು.

"ಸಾರ್, ನಿಮ್ಮ ಟೀಕೆಯಲ್ಲೇ ತಾವರೆ ಅಂತಿದೆ."

"ಇರಬಹುದಯ್ಯ. ಅದು ಮೂವತ್ತು ವರ್ಷದ ಹಿಂದಿನದು. ಆಮೇಲೆ ನನ್ನ ಅಭಿಪ್ರಾಯ ಬದಲಾಗಿರ್ಬೇಕು. ನಲವತ್ತು ಪ್ರತೀಲಿ ಒಂದು ಪಾಠ, ಒಂದ್ರಲ್ಲಿ ಮಾತ್ರ ಬೇರೆ. ಓಲೆಗರಿ ಆಗಿದ್ರೆ ಏನಂತೀವಿ? ಆ ಒಂದನ್ನ ಬರೆದವನು ತೂಕಡಿಸ್ತಿದ್ದ ಅಂತೀವಿ. ನೀನೂ ತೂಕಡಿಸಿದ್ದೀಯ."

ಬೇರೆ ದಾರಿಯಿರಲಿಲ್ಲ. ಎರಡು ಸಲ ಕೆಮ್ಮಿ, ಅವರದೇ ದನಿಯಲ್ಲಿ ಮಂತ್ರಿಯನ್ನು ಮತ್ತೊಮ್ಮೆ ನೀರಿಗೆ ಕೆಡವಿದೆ. ಅಡುಗೆಮನೆಯಿಂದ ಅವರ ಹೆಂಡತಿ, "ಯಾಕ್ರೀ ಕೂಗ್ತೀರಿ, ತರ್ತಿದೀನಿ ಕಾಫಿ!" ಎಂದರು.

ಮೇಷ್ಟ್ರು ಬಿಳಿಚಿಕೊಂಡರು. "ಅಯ್ಯೋ ಮಾರಾಯ, ನಲವತ್ತಕ್ಕೂ ನೀನೇ ಮೂಲಪ್ರತಿಯೇನೋ! ಟೀಕೆಯ ಹೊಸ ಮುದ್ರಣಕ್ಕೆ ಆ ಮಂತ್ರೀನ ಸೇರಿಸಿ ಕಳಿಸಿಬಿಟ್ಟಿದೀನಲ್ಲೋ!"

ಕಾಫಿ ಬಿಟ್ಟು ಇಬ್ಬರೂ ಮುದ್ರಣಾಲಯಕ್ಕೆ ಓಡಿದೆವು.

"ನಿನಗೆ ಹತ್ತಕ್ಕೆ ಹತ್ತು," ಏದುಸಿರಿನಲ್ಲೇ ಹೇಳಿದರು.

"ಉಳಿದವರಿಗೆ, ಸಾರ್?"

"ನನ್ನ ದನೀನ ನಂಬಿದ ಮಕ್ಕಳು ಕಣೋ ಅವು. ಹೆಂಗೆ ಅಂಕ ಕಳೀಲಿ?"

ಪುಟ ಅಚ್ಚಿಗೇರಲು ಸಿದ್ಧವಾಗಿತ್ತು. ಅಚ್ಚಿನ ಮೊಳೆ ಜೋಡಿಸುವಾತ ಗೊಣಗುತ್ತ ಚಿಮಟದಿಂದ ಒಂದೊಂದೇ ಸೀಸದ ಅಕ್ಷರವನ್ನು ಕಿತ್ತು ಮೇಜಿನ ಮೇಲಿಟ್ಟ. ಮಂತ್ರಿ ಅಕ್ಷರ ಅಕ್ಷರವಾಗಿ ಕೊಳದಿಂದ ಮೇಲೆ ಬಂದ. ಕೊನೆಯ ಮೊಳೆಯನ್ನು ಮೇಷ್ಟ್ರು ಅಂಗೈಗೆ ತೆಗೆದುಕೊಂಡು, ತೊಯ್ದ ಮಗುವಿನ ತಲೆ ಒರೆಸುವ ಹಾಗೆ, ಪಂಚೆಯ ತುದಿಯಿಂದ ಅದರ ಮಸಿ ಒರೆಸುತ್ತ ನಿಂತರು.