ಬಲಗಡೆಯ ಸೀಟು

ತಂಗಿ ಹನ್ನೊಂದು ಗಂಟೆಗೆ ಬರುತ್ತಾಳೆ ಎಂದು ಅಕ್ಕ ಬೋಟಿನ ಸೀಟು ಮಾಡುವ ಮೇಸ್ತ್ರಿಗೆ ಹೇಳಿದ್ದಳು. ತಂಗಿಗೆ ಮಾತ್ರ ಹೇಳಿರಲಿಲ್ಲ.

ಹೇಳಲು ನೋಡಿರಲಿಲ್ಲ ಎಂದಲ್ಲ. ಫೋನ್ ಎತ್ತಿಕೊಂಡು ಕೆಳಗಿಡುವುದು, ಮತ್ತೆ ಎತ್ತಿಕೊಂಡು ಮತ್ತೆ ಕೆಳಗಿಡುವುದು, ಇದರಲ್ಲೇ ಒಂದು ವಾರ ಕಳೆದಿತ್ತು. ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ನೀರಿನ ಮೇಲೆ ರೇಸ್ ಬೋಟು ಹಾರಿಸುವ ಹೆಂಗಸು ಒಡಹುಟ್ಟಿದವಳಿಗೆ ಒಂದು ಕರೆ ಮಾಡಲು ಬೆವರುತ್ತಿದ್ದಳು!

ಮೇಸ್ತ್ರಿಯ ಅಂಗಡಿ ಬೋಟು ರಿಪೇರಿ ಶೆಡ್ಡುಗಳ ಸಾಲಿನ ಕೊನೆಯಲ್ಲಿತ್ತು. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಫೋಮಿನ ಚೂರುಗಳಂತೂ ಬಟ್ಟೆಗೆ ಅಂಟಿಕೊಂಡು ಮನೆತನಕ ಬರುತ್ತವೆ. ಹೊಲಿಗೆ ಯಂತ್ರದ ಹಿಂದಿನ ಗೋಡೆಗೆ ಒಂದು ಬೋರ್ಡು: ‘ಕೂರುವವರು ಬಾರದೆ ಅಳತೆಯ ಸೀಟು ಮಾಡುವುದಿಲ್ಲ.’ ಎಂಥ ದೊಡ್ಡ ಮನುಷ್ಯರೇ ಆಗಲಿ, ಇಲ್ಲಿಗೆ ಬಂದು ಮರದ ಚೌಕಟ್ಟಿನಲ್ಲಿ ಕೂತು, ಮಂಡಿ ಮಡಚಿ ಕೈ ಚಾಚಿ ತೋರಿಸಬೇಕು. ಚೀಟಿಯಲ್ಲಿ ಬರೆದು ಕಳಿಸಿದ ಅಳತೆಯನ್ನು ಮೇಸ್ತ್ರಿ ಮೂಸಿಯೂ ನೋಡುವುದಿಲ್ಲ.

“ನಿಮ್ಮ ತಂಗಿ ಬರೋಷ್ಟರಲ್ಲಿ ನಿಮ್ಮದು ಮುಗಿಸ್ಬಿಡೋಣ ಬನ್ನಿ ಅಮ್ಮ,” ಎಂದ ಮೇಸ್ತ್ರಿ, ಮಾದರಿ ಸೀಟಿನ ಮೇಲಿನ ಬಟ್ಟೆ ಎಳೆದು.

ಪವರ್ ಸೀಟು ಅದು. ಪಕ್ಕದಲ್ಲಿ ಬ್ಯಾಟರಿ, ಕೈಗೆ ಸಿಗುವಲ್ಲಿ ಮೂರು ಗುಂಡಿ. ಒಂದು ಒತ್ತಿದರೆ ಸೀಟು ಮೇಲೆ ಕೆಳಗೆ, ಇನ್ನೊಂದಕ್ಕೆ ಹಿಂದೆ ಮುಂದೆ. ಮೂರನೆಯದಕ್ಕೆ ಕೂರುವ ದಿಂಬೇ ಕೆಳಕ್ಕೆ ಮಡಚಿಕೊಳ್ಳುತ್ತದೆ. ಆಗ ಬೆನ್ನು ಒರಗಿಸಿ ನಿಂತೇ ಓಡಿಸಬಹುದು.

“ಇದೇನು ಮೇಸ್ತ್ರಿ, ಹಲ್ಲು ಕೀಳೋ ಡಾಕ್ಟರ ಕುರ್ಚಿ ಇದ್ದ ಹಾಗಿದೆ!”

“ಕೂತು ನೋಡಿ. ಬಾಯಿ ತೆಗೀರಿ ಅಂತ ನಾನೇನು ಹೇಳಲ್ಲ.”

ಅಕ್ಕ ಕೂತಳು. ಇಷ್ಟವಾಗಬಾರದು ಎಂದು ಹಟ ಹಿಡಿದೇ ಕೂತಳು. ಎರಡು ವರ್ಷದ ಹಿಂದೆ ಒಂದು ಅಲೆಯ ಮೇಲಿಂದ ಬೋಟು ಧೊಪ್ಪೆಂದು ಬಿದ್ದಾಗ ಅವಳ ಬೆನ್ನುಮೂಳೆ ಪೆಟ್ಟು ತಿಂದಿತ್ತು. ‘ಸೀಟು ಬದಲಾಯಿಸಿ, ಇಲ್ಲ ಕೆಲಸ ಬದಲಾಯಿಸಿ’ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಗುಂಡಿ ಒತ್ತಿದಳು. ಗುಂಯ್ ಎನ್ನುತ್ತ ಸೀಟು ಮೇಲೇರಿ, ಸೊಂಟದ ನೋವಿರುವ ಜಾಗಕ್ಕೇ ಬಂದು ಒತ್ತು ಕೊಟ್ಟು ನಿಂತಿತು.

“ಬೆನ್ನು ಏನಂತದೆ?”

“ಬೆನ್ನು ಹೂಂ ಅಂತಿದೆ. ಮನಸ್ಸು ಇನ್ನೂ ಮುಖ ಸಿಂಡರಿಸ್ಕೊಂಡು ಕೂತಿದೆ.”

“ಅದೂ ಸರಿಹೋಗುತ್ತೆ. ಎಡಗಡೆ, ಸ್ಟೇರಿಂಗ್ ಹಿಂದೆ, ಪವರ್ ಸೀಟು. ಬರ್ಕೊಂಡೆ. ಬಲಗಡೆಗೂ ಇದೇ ತಾನೆ?”

“ಬಲಗಡೆಗೆ ಬೇಡ. ಅಲ್ಲಿಗೆ ಹಳೇ ಥರದ ಗಟ್ಟಿ ಸೀಟು. ತಂಗಿ ಅಳತೆಗೆ.”

“ಅದೇನಮ್ಮ, ನಿಮಗೆ ಸಿಂಹಾಸನ, ತಂಗಿಗೆ ಮಣೆ?”

ಅಕ್ಕ ನಕ್ಕಳು. ಗಟ್ಟಿ ಸೀಟು ಅಂದರೆ ಒಬ್ಬರ ಮೈಗೆ ಎರಕ ಹೊಯ್ದ ಹಾಗೆ. ಬೇರೆ ಯಾರು ಕೂತರೂ ಎಲ್ಲೋ ಒತ್ತುತ್ತದೆ, ಎಲ್ಲೋ ಸಡಿಲ. ಅವಳಿಗೆ ಬೇಕಾಗಿದ್ದೇ ಅದು. ತಂಗಿಯನ್ನು ಬಿಟ್ಟು ಇನ್ಯಾರೂ ಕೂರಲಾಗದ ಜಾಗವೊಂದು ಬೋಟಿನಲ್ಲಿದ್ದರೆ, ಹೇಗಾದರೂ ತಂಗಿ ಬಂದೇ ಬರುತ್ತಾಳೆ ಎಂಬ ಹುಚ್ಚು ಲೆಕ್ಕ.

ಹನ್ನೊಂದು ವರ್ಷ ಇಬ್ಬರೂ ಜೊತೆಗೆ ಓಡಿಸಿದ್ದರು. ಸ್ಟೇರಿಂಗ್ ಅಕ್ಕನ ಕೈಲಿ. ವೇಗ ಏರಿಸಿ ಇಳಿಸುವ ಥ್ರಾಟಲ್ ಹಿಡಿಕೆ ತಂಗಿಯ ಕೈಲಿ. ಬೋಟು ಅಲೆ ಬಿಟ್ಟು ಗಾಳಿಗೆ ಹಾರಿದಾಗ ವೇಗ ತಗ್ಗಿಸಬೇಕು, ನೀರು ಮುಟ್ಟಿದ ಕ್ಷಣ ಮತ್ತೆ ಕೊಡಬೇಕು. ಆ ಇಂಜಿನ್ ಸದ್ದಿನಲ್ಲಿ ಕೂಗಿದರೂ ಕೇಳಿಸದು. ಅದಕ್ಕೇ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಅಕ್ಕನ ಭುಜ ಒಂದು ಸಲ ಒತ್ತಿದರೆ ತಿರುವು ಬಂತು ಅಂತ. ಎರಡು ಸಲ ಒತ್ತಿದರೆ ಬಿಡಬೇಡ, ಹೊಡಿ ಅಂತ. ಒಂದೂವರೆ ವರ್ಷದ ಹಿಂದೆ ತಂಗಿ ದೂರದ ಬಂದರಿನಲ್ಲಿ ಜನ ಸಾಗಿಸುವ ದೊಡ್ಡ ಬೋಟಿನ ಕೆಲಸಕ್ಕೆ ಹೊರಟುಹೋದಳು. ಅಂದಿನಿಂದ ಅಕ್ಕ ರೇಸಿಗೇ ಇಳಿದಿಲ್ಲ. ಕೇಳಿದವರಿಗೆಲ್ಲ ‘ಬೋಟು ರಿಪೇರಿಯಲ್ಲಿದೆ’ ಎನ್ನುತ್ತಾಳೆ. ಕೇಳಿದವರು ಪಾಪ, ನಂಬಿದ ಹಾಗೆ ತಲೆಯಾಡಿಸುತ್ತಾರೆ.

ಹನ್ನೆರಡೂವರೆ ಆಯಿತು. ಮೇಸ್ತ್ರಿ ಊಟ ಮುಗಿಸಿ ಕೈ ತೊಳೆದು ಬಂದ.

“ಟ್ರಾಫಿಕ್ಕಾ?”

“ಹೂಂ, ಟ್ರಾಫಿಕ್ಕು.”

“ಅಮ್ಮ, ನಲವತ್ತು ವರ್ಷದಿಂದ ಜನ ಕೂರೋದನ್ನೇ ನೋಡ್ಕೊಂಡು ಬಂದೋನು ನಾನು. ಯಾರಿಗಾದ್ರೂ ಕಾಯೋರು ಐದು ನಿಮಿಷಕ್ಕೊಂದ್ಸಲ ಬಾಗಿಲ ಕಡೆ ನೋಡ್ತಾರೆ. ನೀವು ಒಂದ್ಸಲಾನೂ ನೋಡ್ಲಿಲ್ಲ.”

ಅಕ್ಕ ಸೀಟಿನ ಗುಂಡಿ ಒತ್ತಿ ಒಂದಿಷ್ಟು ಮೇಲೇರಿ, ಮತ್ತೆ ಕೆಳಗಿಳಿದಳು.

“ನಿಮ್ಮ ಬೋಟಿನ ಮೇಲ್ಭಾಗ ಬಿಚ್ಚಿಟ್ಟಿದಾರಲ್ಲ, ಅದನ್ನ ನಾಳೆ ಮುಚ್ತಾರೆ. ಮುಚ್ಚಿದ ಮೇಲೆ ಬಲಗಡೆಗೂ ಪವರ್ ಬೇಕು ಅಂದ್ರೆ, ವೈರ್ ಎಳೆಯೋಕೆ ಬೋಟನ್ನೇ ಕೊಯ್ಬೇಕು. ಅವರನ್ನ ಕರೆಸಿ, ಇಲ್ಲ ಇನ್ನೊಂದು ಪವರ್ ಸೀಟು ಅನ್ನಿ. ಯಾವುದಾದ್ರೂ ಸರಿ, ಇವತ್ತೇ ಹೇಳ್ಬೇಕು.”

ಹೀಗಂದು ಮೇಸ್ತ್ರಿ ಕತ್ತರಿ ಹುಡುಕುವ ನೆಪದಲ್ಲಿ ಒಳಗೆ ಹೋದ. ಕತ್ತರಿ ಅವನ ಕೈಯಲ್ಲೇ ಇತ್ತು.

ಅಕ್ಕ ಹಲ್ಲು ಕಚ್ಚಿ ಕರೆ ಮಾಡಿದಳು. ಎರಡನೇ ರಿಂಗಿಗೇ ಆ ಕಡೆಯಿಂದ ಗಾಬರಿಯ ದನಿ.

“ಯಾರು ಸತ್ರು?”

“ಯಾರೂ ಸತ್ತಿಲ್ಲ ಕಣೇ.”

“ಮತ್ತೆ? ತಪ್ಪಿ ಒತ್ತಿಬಿಟ್ಯಾ?”

“ಇಲ್ಲ, ಗುಬ್ಬಿ. ಬೋಟಿಗೆ ಸೀಟು ಮಾಡಿಸ್ತಿದೀನಿ. ನಿನ್ನ ಅಳತೆ ಬೇಕಿತ್ತು.”

ಆ ಕಡೆ ದೊಡ್ಡ ಇಂಜಿನ್ನಿನ ನಿಧಾನದ ಗುಡುಗುಡು ಮಾತ್ರ ಕೇಳುತ್ತಿತ್ತು.

“ಮೇಸ್ತ್ರಿ ಫೋನಲ್ಲಿ ಅಳತೆ ತಗೊಳ್ಳಲ್ವಲ್ಲ.”

“ತಗೊಳ್ಳಲ್ಲ.”

“ಅಕ್ಕಾ, ಅಳತೆ ಕೊಟ್ಟು ಹೋಗು ಅಂತಿದೀಯೋ, ವಾಪಸ್ ಬಂದ್ಬಿಡು ಅಂತಿದೀಯೋ?”

ಒಂದು ವಾರದಿಂದ ಅಕ್ಕ ಆಡಲಾಗದೆ ಇಟ್ಟುಕೊಂಡಿದ್ದ ಮಾತು ಅದು. “ವಾಪಸ್ ಬಾ ಅಂತಿದೀನಿ,” ಎಂದಳು.

ತಂಗಿ ಉದ್ದಕ್ಕೆ ಉಸಿರು ಬಿಟ್ಟಳು. “ಇಲ್ಲಿ ಸ್ಟೇರಿಂಗ್ ನನ್ನ ಕೈಲಿದೆ ಕಣೇ. ಸ್ಪೀಡ್ ಏನಿಲ್ಲ ಬಿಡು, ದಡದಲ್ಲಿ ಸೈಕಲ್ಲಲ್ಲಿ ಹೋಗೋರು ಟಾಟಾ ಮಾಡ್ಕೊಂಡು ಮುಂದೆ ಹೋಗ್ತಾರೆ. ಆದ್ರೂ ತಿರುಗಿಸೋಳು ನಾನು. ಇಲ್ಲಿಗೆ ಬರೋ ಮುಂಚೆ ನಿನ್ನ ಕೇಳಿದ್ದೆ, ಒಂದೇ ಒಂದು ರೇಸು ನಾನು ಸ್ಟೇರಿಂಗ್ ಹಿಡೀಲಾ ಅಂತ. ನೆನಪಿದ್ಯಾ?”

ಅಕ್ಕನಿಗೆ ನೆನಪಿತ್ತು. ತಾನು ಕೊಟ್ಟ ಉತ್ತರವೂ ನೆನಪಿತ್ತು. ‘ನನ್ನ ಸೀಟಲ್ಲಿ ಕೂತ್ರೆ ನಿಂಗೆ ಸಮುದ್ರ ಎಲ್ಲಿ ಕಾಣುತ್ತೆ ಗಿಡ್ಡಿ? ಮೀಟರ್‌ಗಳಷ್ಟೇ ಕಾಣೋದು’ ಎಂದು ಇಡೀ ಶೆಡ್ಡಿಗೆ ಕೇಳುವಂತೆ ನಕ್ಕಿದ್ದಳು. ತಂಗಿಯೂ ನಕ್ಕಿದ್ದಳು. ನಕ್ಕಳಲ್ಲ, ಮುಗಿಯಿತು ಎಂದುಕೊಂಡಿದ್ದಳು ಅಕ್ಕ.

“ಈಗಿನ ಸೀಟು ಹಾಗಿಲ್ಲ ಕಣೇ,” ಅಕ್ಕ ಅವಸರದಲ್ಲಿ ತೊದಲಿದಳು. “ಪವರ್ ಸೀಟು. ಗುಂಡಿ ಒತ್ತಿದ್ರೆ ಮೇಲೆ ಬರುತ್ತೆ. ನಿಂಗೆ ಎಲ್ಲಾ ಕಾಣುತ್ತೆ. ಒಂದು ರೇಸು ನಾನು, ಒಂದು ರೇಸು ನೀನು ಸ್ಟೇರಿಂಗ್...”

“ಆ ಗುಂಡಿ ಎರಡು ವರ್ಷ ಮುಂಚೆ ಬರ್ಬೇಕಿತ್ತು, ಅಕ್ಕ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟು ಮೆತ್ತಗೆ ಹೇಳಿದ್ದಳು ತಂಗಿ.

“ನಂಗೇನು ಆಸೆ ಇಲ್ಲ ಅನ್ಕೋಬೇಡ,” ಎಂದು ಅವಳೇ ಮುಂದುವರಿಸಿದಳು. “ಅಲೆ ಬಂದಾಗೆಲ್ಲ ಎಡಭುಜ ತಾನಾಗೇ ಆ ಕಡೆ ವಾಲುತ್ತೆ. ಅಲ್ಲಿ ಯಾರಿರ್ತಾರೆ? ಟಿಕೆಟ್ ಕೊಡೋನು ‘ಯಾಕೆ ಮೇಡಂ, ಸೊಳ್ಳೆ ಕಚ್ತಾ?’ ಅಂತಾನೆ.”

ಇಬ್ಬರೂ ನಕ್ಕರು. ನಗು ಮೊದಲು ನಿಂತದ್ದು ಅಕ್ಕನದು.

“ಬರಲ್ಲ ಅಕ್ಕ. ನನ್ನ ಅಳತೆ ಸೀಟು ಮಾಡಿಸ್ಬೇಡ. ಖಾಲಿ ಸೀಟು ಪಕ್ಕದಲ್ಲಿಟ್ಕೊಂಡು ಎಷ್ಟು ದಿನ ಅಂತ ದಡದಲ್ಲಿ ಕೂರ್ತೀಯ? ನೀನು ರೇಸಿಗೆ ಇಳಿ. ನಾನು ಇಲ್ಲಿಂದ ನೋಡ್ತೀನಿ. ಅಯ್ಯೋ, ಜನ ಹತ್ತುತಾ ಇದಾರೆ, ಇಡ್ತೀನಿ. ಮತ್ತೆ ಫೋನ್ ಮಾಡು. ಯಾರೂ ಸಾಯ್ದೇ ಇದ್ರೂ ಮಾಡು.”

ಅಕ್ಕ ಫೋನನ್ನು ತೊಡೆಯ ಮೇಲಿಟ್ಟಳು. ಪಕ್ಕದ ಶೆಡ್ಡಿನಲ್ಲಿ ಯಾರೋ ಮರಳುಕಾಗದ ಉಜ್ಜುತ್ತಿದ್ದರು. ಮೇಸ್ತ್ರಿ ಹೊರಗೆ ಬಂದು, ಅವಳ ಮುಖ ನೋಡಿ ಪೆನ್ನಿನ ಮುಚ್ಚಳ ತೆಗೆದ.

“ಎರಡೂ ಪವರ್ ಸೀಟೇ ಬರ್ಕೊಳ್ಳಿ.”

“ಒಳ್ಳೇದಾಯ್ತು. ಇವಕ್ಕೆ ಯಾರೂ ಬಂದು ಕೂರೋ ತಾಪತ್ರಯ ಇಲ್ಲ, ಯಾರಿಗಾದ್ರೂ ಹೊಂದ್ಕೊಳ್ತವೆ. ಬಣ್ಣ ಹೇಳ್ಬಿಡಿ.”

“ಎಡಗಡೇದು ಕಡುನೀಲಿ.”

“ಬಲಗಡೇದು?”

ಅಕ್ಕ ಬಾಯಿ ತೆರೆದಳು. ತಂಗಿಗೆ ಹಳದಿ ಅಂದರೆ ಪ್ರಾಣ. “ಅದನ್ನ ಕೂರೋರು ಹೇಳ್ಲಿ,” ಎಂದಳು.

“ಯಾರು ಕೂರೋರು?”

“ಗೊತ್ತಿಲ್ಲ ಮೇಸ್ತ್ರಿ. ಒಂದು ವಾರ ಕೊಡಿ, ಹುಡುಕ್ತೀನಿ.” ಎದ್ದು ಬಾಗಿಲ ತನಕ ಹೋದವಳು ಅಲ್ಲೇ ನಿಂತು ತಿರುಗಿದಳು. “ಮತ್ತೆ, ಸ್ಟೇರಿಂಗ್ ಹಿಂದಿನ ಸೀಟು ಪೂರ್ತಿ ಏರಿಸಿದ್ರೆ ಎಷ್ಟು ಗಿಡ್ಡ ಇರೋರಿಗೆ ಆಗುತ್ತೆ?”

“ಅದು ನಿಮ್ಮ ಸೀಟಲ್ವಾ? ನೀವೆಲ್ಲಿ ಗಿಡ್ಡ?”

“ನನಗಲ್ಲ. ಬರೋರು ಒಂದಿನ ಸ್ಟೇರಿಂಗ್ ಕೇಳ್ತಾರೆ ನೋಡಿ, ಅವರಿಗೆ.”