ಮೋಡ ಸರಿಯುವವರೆಗೆ

"ಇನ್ನೂ ಸ್ವಲ್ಪ ಎತ್ತಿ, ಗೋಡೆಗೆ ತಾಗ್ತಿದೆ," ಎಂದು ಮಗಳು ಕೆಳಗಿನ ಮೆಟ್ಟಿಲಿನಿಂದ ಹೇಳಿದಳು.

ಎರಡನೇ ಮಹಡಿಯ ತಿರುವಿನಲ್ಲಿ ಅಪ್ಪನನ್ನು ಮಲಗಿಸಿದ್ದ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತ್ತು. ಕಟ್ಟಡದ ಲಿಫ್ಟಿನಲ್ಲಿ ಅದು ಹಿಡಿಯುವಷ್ಟು ಜಾಗವಿರಲಿಲ್ಲ. ಲಿಫ್ಟಿನೊಳಗೆ ಹೆಣವನ್ನು ನಿಲ್ಲಿಸಿಕೊಂಡು ಒಯ್ಯೋಣ ಎಂದ ಪಕ್ಕದ ಮನೆಯವನು, ಅವಳು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡಿದ್ದ.

ತಲೆಯ ಕಡೆ ಹಿಡಿದಿದ್ದವನು ಅಪ್ಪನ ಗೆಳೆಯ, ಆಸ್ಪತ್ರೆಯ ಅಡುಗೆಯವನು. "ಆಯಸ್ಸೆಲ್ಲ ಆಸ್ಪತ್ರೆ ಲಿಫ್ಟ್ ಓಡಿಸ್ದ," ಎಂದ ಏದುಸಿರು ಬಿಡುತ್ತ. "ಊರಿನ ರೋಗಿಗಳನ್ನೆಲ್ಲ ಮೇಲೆ ಕೆಳಗೆ ಮಾಡ್ದ. ಇವನಿಗೆ ಮಾತ್ರ ಮೆಟ್ಟಿಲೇ ಗತಿ."

"ಮಾತು ಆಮೇಲೆ ಮಾಮ. ಎಡಕ್ಕೆ ತಿರುಗ್ಸಿ."

ಕೆಳಗೆ ಬಂದರೆ ಶವದ ಗಾಡಿ ಇಲ್ಲ. ಚಾಲಕ ಹಿಂದಿನ ಬೀದಿಯಲ್ಲಿ ನಿಲ್ಲಿಸಿಕೊಂಡು ಇವರಿಗಾಗಿ ಕಾಯುತ್ತಿದ್ದ. ಮಳೆ ಹನಿಯತೊಡಗಿತು. ಇವತ್ತು ಒಂದಾದರೂ ಕೆಲಸ ನೆಟ್ಟಗೆ ಆಗುವುದೋ ಇಲ್ಲವೋ ಎಂದುಕೊಳ್ಳುತ್ತ ಅವಳು ತನ್ನ ಕೊಡೆಯನ್ನು ಅಪ್ಪನ ಮುಖಕ್ಕೆ ಅಡ್ಡ ಹಿಡಿದಳು.

*

ಆಸ್ಪತ್ರೆಯ ಕಿಟಕಿಯಿಲ್ಲದ ಆ ಲಿಫ್ಟಿನಲ್ಲಿ ಅಪ್ಪನಿಗೆ ಒಂದು ಸ್ಟೂಲು, ಒಂದು ರೇಡಿಯೊ. ಉಲ್ಕಾಪಾತದ ಸುದ್ದಿ ಅವನ ತಲೆಗೆ ಹೊಕ್ಕಿದ್ದು ಆ ರೇಡಿಯೊದಿಂದಲೇ. ಹೆಂಡತಿ ತೀರಿಕೊಂಡ ವರ್ಷ ಅದು. ಆಕಾಶದಿಂದ ಬೆಳಕು ಮಳೆಯ ಹಾಗೆ ಸುರಿಯುತ್ತದಂತೆ, ದುಡ್ಡಿಲ್ಲ ಕಾಸಿಲ್ಲ, ತಲೆಯೆತ್ತಿದರೆ ಸಾಕು ಎಂದು ಮಗಳನ್ನೂ ಮಹಡಿಗೆ ಎಬ್ಬಿಸಿಕೊಂಡು ಹೋದ. ಆಕಾಶಕ್ಕೆ ಕಂಬಳಿ ಹೊದಿಸಿದಂತೆ ಮೋಡ. ಮರುವರ್ಷ ಮೋಡವಿರಲಿಲ್ಲ, ಹುಣ್ಣಿಮೆ ಇತ್ತು. ಅದರ ಮುಂದಿನ ವರ್ಷ ಎದುರಿನ ಪೀಠೋಪಕರಣದ ಅಂಗಡಿಯವನು ಮನೆಯಷ್ಟು ದೊಡ್ಡ ದೀಪದ ಫಲಕ ಹಾಕಿಸಿದ. ಒಂದೇ ಒಂದು ರಾತ್ರಿ ಅದನ್ನು ಆರಿಸಿ ಎಂದು ಅಪ್ಪ ಕೇಳಲು ಹೋದ.

"ನಿಮ್ಮ ಆಕಾಶಕ್ಕೋಸ್ಕರ ನನ್ನಂಗಡಿ ಕತ್ತಲು ಮಾಡ್ಲಾ?" ಎಂದು ಅಂಗಡಿಯವನು ನಕ್ಕಿದ್ದ.

ಅಪ್ಪ ಕೆನ್ನೆಗಳೆರಡಕ್ಕೂ ರಟ್ಟು ಹಿಡಿದುಕೊಂಡು, ಕಣ್ಪಟ್ಟಿ ಕಟ್ಟಿದ ಕುದುರೆಯಂತೆ ಮಹಡಿಯಲ್ಲಿ ಕೂತ. ಸಿಕ್ಕಿದ್ದು ಕತ್ತುನೋವು. ಆಸ್ಪತ್ರೆಯಲ್ಲಿ ಅವನಿಗೆ 'ಉಲ್ಕೆ' ಎಂದೇ ಹೆಸರಾಯಿತು. "ಉಲ್ಕೆ ಕೆಳಗಿಳೀತಾ ಇದೆ, ದಾರಿ ಬಿಡಿ," ಎಂದು ನರ್ಸುಗಳು ಲಿಫ್ಟಿನ ಬಾಗಿಲಲ್ಲಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಮನೆಗೆ ಬಂದು ಮಾತ್ರ ಚಪ್ಪಲಿಯನ್ನು ಮೂಲೆಗೆ ಎಸೆಯುತ್ತಿದ್ದ.

*

ಚಿತಾಗಾರದಲ್ಲಿ ಯಂತ್ರ ಕೆಟ್ಟಿತ್ತು. ಇವರಿಗಿಂತ ಮುಂಚೆ ಬಂದವರೂ ಕಾಯುತ್ತಿದ್ದರು. ಅಡುಗೆಯವನು ಹೋಗಿ ಜಗಳವಾಡಿ ಬಂದ, ಏನೂ ಗಿಟ್ಟಲಿಲ್ಲ.

"ಕಾಯೋದು ಇವನ ಹಣೇಲೇ ಬರೆದಿದೆ, ಬಿಡು," ಎಂದ.

ಮಗಳು ಒದ್ದೆ ಕೊಡೆಯನ್ನು ಮಡಿಸಿ ಗೋಡೆಗೆ ಒರಗಿಸಿದಳು. ಹೋದ ತಿಂಗಳು ಅಪ್ಪ ಕಾಯುತ್ತೇನೆ ಎಂದಾಗ ಎಬ್ಬಿಸಿಕೊಂಡು ಹೊರಟವಳು ತಾನೇ.

*

ಅವಳು ಬೇಕರಿಯ ವ್ಯಾನ್ ಓಡಿಸುತ್ತಾಳೆ. ಅಪ್ಪನ ಎದೆ ಸೋತಿದೆ, ಮುಂದಿನ ವರ್ಷದ ಮಾತು ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಆ ವ್ಯಾನಿನಲ್ಲೇ ಅವನನ್ನು ಊರಾಚೆಯ ಬಯಲಿಗೆ ಕರೆದುಕೊಂಡು ಹೋದಳು. ಹಿಂದೆ ಊರಿನ ದೀಪಗಳು ಅರ್ಧ ಆಕಾಶವನ್ನು ಕೆಂಪು ಮಾಡಿದ್ದವು. ಮುಂದೆ ಮೋಡ. ಮೋಡ ಹರಿದ ಒಂದೇ ಒಂದು ಕಡೆ ಚಂದ್ರ ಬಂದು ಕೂತಿದ್ದ.

"ಇನ್ನೊಂದು ಅರ್ಧ ಗಂಟೆ," ಎಂದ ಅಪ್ಪ. "ಸರೀತಾ ಇದೆ, ನೋಡು."

"ಬಂದಾಗಿಂದ ಅದನ್ನೇ ಹೇಳ್ತಿದ್ದೀಯ. ಬ್ರೆಡ್ ಲೋಡ್ ಮಾಡೋ ಹೊತ್ತಾಯ್ತು. ಕೆಲಸ ಹೋದ್ರೆ ನಿನ್ನ ಉಲ್ಕೆ ಬಂದು ಮನೆ ನಡೆಸುತ್ತಾ?"

ಅಪ್ಪ ಎದ್ದು ವ್ಯಾನ್ ಹತ್ತಿದ. ಬಾಗಿಲೆಳೆದುಕೊಳ್ಳಲು ಅವನಿಗೆ ಶಕ್ತಿ ಸಾಲಲಿಲ್ಲ. ಅವಳೇ ಸುತ್ತಿ ಬಂದು ಹಾಕಿದಳು.

ಅರ್ಧ ದಾರಿಯಲ್ಲಿ ಅವನ ತಲೆ ಕಿಟಕಿಗೆ ವಾಲಿತ್ತು, ಕಣ್ಣು ಮುಚ್ಚಿದಂತಿತ್ತು. ಆಗ ಎದುರಿನ ಮೋಡ ಬಾಯಿಬಿಟ್ಟಿತು. ಎಡಗಡೆಯಿಂದ ಹಸಿರು ಬೆಳಕೊಂದು ಅವಸರವಿಲ್ಲದೆ ಇಳಿದು, ಎರಡು ತುಂಡಾಗಿ ಆರಿತು. ಅವಳ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಎದ್ದಿತು. ಪಕ್ಕಕ್ಕೆ ನೋಡಿದಳು. ಅಪ್ಪ ಹಾಗೇ ಇದ್ದ. ಎಬ್ಬಿಸಿ ಏನೆಂದು ಹೇಳುವುದು, ನಾನು ಎಬ್ಬಿಸಿಕೊಂಡು ಬಂದದ್ದಕ್ಕೇ ನಿನಗೆ ತಪ್ಪಿತು ಎಂದೇ? ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಯೂ ಹೇಳಲಿಲ್ಲ. ಆಮೇಲೆ ಆಸ್ಪತ್ರೆ, ಆಕ್ಸಿಜನ್ನು.

*

ಎಲ್ಲ ಮುಗಿಯುವಾಗ ಮಧ್ಯಾಹ್ನ ಕಳೆದಿತ್ತು. ವಾಪಸು ಬರುವಾಗ ವ್ಯಾನಿನಲ್ಲಿ ಅವಳ ಪಕ್ಕ ಅತ್ತೆ ಕೂತಿದ್ದಳು, ಅಪ್ಪನ ಅಕ್ಕ. ಹೊರಗೆ ಮಳೆ ಜೋರಾಗಿತ್ತು. ಇಬ್ಬರ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಮಂಜಾಗುತ್ತಿತ್ತು.

"ನೀನು ಕರ್ಕೊಂಡು ಹೋಗಿದ್ದು ಒಳ್ಳೇದಾಯ್ತು ಕಣೆ," ಎಂದಳು ಅತ್ತೆ. "ಕೊನೆಗೂ ನೋಡ್ದನಲ್ಲ."

"ಏನ್ ನೋಡ್ದ?"

"ಅದೇ, ಉಲ್ಕೆ. ವ್ಯಾನಲ್ಲಿ ಬರ್ತಾ ಕಂಡಿತಂತೆ. ಹಸಿರಿತ್ತಂತೆ, ತುಂಡಾಯ್ತಂತೆ. ಹೋದ ವಾರ ಮಲಗಿದ್ದಲ್ಲೇ ಹೇಳ್ದ."

ಕೆಂಪು ದೀಪಕ್ಕೆ ಅವಳು ವ್ಯಾನ್ ನಿಲ್ಲಿಸಿದಳು.

"ನನಗೆ ಹೇಳ್ಲಿಲ್ಲ."

"ನಾನೂ ಕೇಳ್ದೆ, ಮಗಳಿಗೆ ಯಾಕೋ ತೋರಿಸ್ಲಿಲ್ಲ ಅಂತ. ಅವಳೂ ನೋಡಿದ್ಲು, ಗಾಡಿ ನಿಧಾನ ಮಾಡಿದ್ಲು ಅಂದ. ಜಗಳ ಆಡ್ಕೊಂಡು ಬಂದಿದ್ವಿ, ನಾನಾಗಿ ಬಾಯಿಬಿಟ್ರೆ ನಾನೇ ಗೆದ್ದೆ ಅಂತ ಹೇಳ್ದ ಹಾಗಿರುತ್ತೆ, ಅವಳೇ ಹೇಳ್ಲಿ ಅಂತ ಕಾಯ್ತಿದ್ದೀನಿ ಅಂದ. ನೀನು ಹೇಳ್ದೆ ತಾನೆ?"

ವೈಪರ್ ಅತ್ತ ಹೋಯಿತು, ಇತ್ತ ಬಂತು.

"ಎಲ್ಲಿಂದ ಎಲ್ಲಿಗೆ ಬಿತ್ತು ಅಂದ?" ಎಂದು ಮಗಳು ಕೇಳಿದಳು.

"ಹೊದಿಕೆ ಮೇಲೆ ಬೆರಳಲ್ಲಿ ಗೀಚಿ ತೋರಿಸ್ದ." ಅತ್ತೆ ಮುಂದೆ ಬಗ್ಗಿ, ಮಂಜಾದ ಗಾಜಿನ ಮೇಲೆ ಎಡಗಡೆಯಿಂದ ಕೆಳಕ್ಕೆ ಬೆರಳೆಳೆದಳು. ಕೊನೆಯಲ್ಲಿ ಗೆರೆಯನ್ನು ಎರಡು ಮಾಡಿದಳು. "ಹೀಗೆ."

ದೀಪ ಬದಲಾಗಿತ್ತು. ಹಿಂದಿನವರು ಹಾರ್ನ್ ಒತ್ತತೊಡಗಿದರು. ಗಾಜಿನ ಮಂಜು ತೆಗೆಯುವ ಫ್ಯಾನಿನ ಗುಂಡಿಯವರೆಗೆ ಹೋದ ಕೈಯನ್ನು ಮಗಳು ಹಿಂದಕ್ಕೆ ತೆಗೆದುಕೊಂಡಳು. ಸ್ಟೀರಿಂಗಿನ ಮೇಲೆ ಬಗ್ಗಿ, ಆ ಗೆರೆಯ ಕೆಳಗೆ ಮಂಜು ಹಿಡಿಯದೆ ಉಳಿದಿದ್ದ ಅಂಗೈಯಗಲದ ಗಾಜಿನಲ್ಲಿ ರಸ್ತೆಯನ್ನು ನೋಡುತ್ತ, ವ್ಯಾನನ್ನು ನಿಧಾನವಾಗಿ ಮುಂದಕ್ಕೆ ಬಿಟ್ಟಳು.